ಬೀಳುವುದನ್ನು ಕಲಿಸಿದ ನಿಂಗವ್ವ

ನಿಂಗವ್ವ ಹೊಳೆಗೆ ಇಳಿಯುತ್ತಿರಲಿಲ್ಲ, ಬೀಳುತ್ತಿದ್ದಳು. ಹೆಮ್ಮಿಗೆಯ ಬಳಿ ಕಾವೇರಿ ಕೊಂಚ ಒಳಕ್ಕೆ ತಿರುಗಿ ಸದ್ದಡಗುವ ಒಂದು ಜಾಗವಿದೆ. ಅಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ, ಅರವತ್ತು ದಾಟಿದ ಹೆಂಗಸು, ಉಟ್ಟ ಸೀರೆಯಲ್ಲೇ ನಿಂತು, ಕಾಲು ಜಾರಿದವಳ ಹಾಗೆ ದುಡುಮ್ಮನೆ ಹಿಂದಕ್ಕೆ ಬೀಳುವಳು. ದಡದಲ್ಲಿದ್ದ ನಾವು ‘ಅಯ್ಯೋ’ ಎನ್ನುವಷ್ಟರಲ್ಲಿ ನೀರಿನ ಮೇಲೆ ಮೊದಲು ಬಿಚ್ಚಿದ ಸೀರೆ ತೇಲಿ ಬರುತ್ತಿತ್ತು, ಅದರ ಹಿಂದೆ ನಿಂಗವ್ವನ ತಲೆ.

“ಇಳ್ದು ಮುಳುಗೋರು ಯಾರೂ ಇಲ್ಲ ಕಣ್ರವ್ವ, ಬಿದ್ದು ಮುಳುಗ್ತಾರೆ. ಮೊದ್ಲು ಬೀಳಾದ ಕಲೀರಿ. ಈಜಾದು ಆಮ್ಯಾಕೆ ತಾನಾಗೇ ಬತ್ತದೆ” ಎನ್ನುತ್ತ ಮೂಗು ಒರೆಸಿಕೊಂಡು ಮತ್ತೆ ಕಲ್ಲು ಹತ್ತುತ್ತಿದ್ದಳು.

ಅವಳನ್ನು ನಾನು ಏಕವಚನದಲ್ಲಿ ಬರೆಯುತ್ತಿರುವುದಕ್ಕೆ ಯಾರೂ ಬೇಸರ ಮಾಡಿಕೊಳ್ಳಬಾರದು. ಒಮ್ಮೆ ‘ನೀವು’ ಎಂದದ್ದಕ್ಕೆ, “ನಾನೇನ್ ಆಫೀಸ್ನವಳಾ? ಅವ್ವ ಅನ್ನು, ನೀನು ಅನ್ನು” ಎಂದು ಗದರಿಸಿದ್ದಳು. ಗದರಿಸಿಕೊಂಡ ಮೇಲೆ ತಿದ್ದಿಕೊಳ್ಳದೆ ಇರಲು ನನಗೆ ಧೈರ್ಯವಿರಲಿಲ್ಲ.

ಅವಳ ಗಂಡ ಹರಿಗೋಲು ಹಾಕುತ್ತಿದ್ದವನು. ಸೇತುವೆ ಬಂದ ಮೇಲೆ ಹರಿಗೋಲಿಗೆ ಕೆಲಸವಿಲ್ಲದೆ ಅದನ್ನು ಹಿತ್ತಲಲ್ಲಿ ಮಗುಚಿ ಹಾಕಿ ಕೋಳಿ ಮುಚ್ಚುತ್ತಿದ್ದರು. ಗಂಡ ತೀರಿಕೊಂಡ. ನಿಂಗವ್ವ ಮೀನು ಮಾರಿಕೊಂಡು, ಕೂಲಿ ಮಾಡಿಕೊಂಡು ಇದ್ದಳು. ನಮ್ಮ ಸಂಘಕ್ಕೆ ಅವಳು ಬಂದದ್ದು ಜಗಳ ಆಡುವುದಕ್ಕೆ.

ನಮ್ಮದು ತಿ.ನರಸೀಪುರದ ಒಂದು ಪುಟ್ಟ ಮಹಿಳಾ ಸಂಘ. ಅಧ್ಯಕ್ಷೆ ಸರೋಜಮ್ಮನವರು ನಿವೃತ್ತ ಮುಖ್ಯೋಪಾಧ್ಯಾಯಿನಿ. ಶಾಲೆಯೊಂದರಲ್ಲಿ ಗುಮಾಸ್ತೆಯಾಗಿದ್ದು, ದಿನವೂ ಅರ್ಜಿ ಬರೆದು ಬರೆದು ಕೈ ಪಳಗಿದ್ದರಿಂದ ನಾನು ಕಾರ್ಯದರ್ಶಿ. ಕಣ್ಣಿನ ತಪಾಸಣೆ ಶಿಬಿರ, ಮಕ್ಕಳಿಗೆ ನೋಟ್‌ಬುಕ್ಕು, ಬಾಣಂತಿಯರ ಮನೆಗೆ ಭೇಟಿ, ಇಂಥವು ನಮ್ಮ ಕೆಲಸ. ಒಂದು ವರ್ಷ ಹೊಳೆಯಲ್ಲಿ ಬಟ್ಟೆ ಒಗೆಯಲು ಹೋದ ಹುಡುಗಿಯೊಬ್ಬಳು ಜಾರಿಬಿದ್ದು, ಅವಳ ಕೈ ಹಿಡಿಯಲು ಹೋದ ಅತ್ತಿಗೆಯೂ ಮುಳುಗಿದಾಗ, ನಾವು ಹೆಮ್ಮಿಗೆಯಲ್ಲಿ ಜಾಗೃತಿ ಸಭೆ ಮಾಡಿದೆವು. ‘ನೀರಿಗಿಳಿಯಬೇಡಿ, ಜೀವ ಅಮೂಲ್ಯ’ ಎಂಬ ಕರಪತ್ರವನ್ನು ಬರೆದವಳು ನಾನೇ. ಬಹಳ ಚೆನ್ನಾಗಿದೆ ಎಂದು ಎಲ್ಲರೂ ಹೊಗಳಿದ್ದರು.

ಸಭೆಯ ಕೊನೆಯ ಸಾಲಿನಿಂದ ಒಬ್ಬಳು ಎದ್ದು ನಿಂತು, ಕರಪತ್ರವನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತ ಕೇಳಿದಳು. “ನೀರ್ಗಿಳೀಬ್ಯಾಡಿ ಅಂದ್ರೆ ಬಟ್ಟೆ ಎಲ್ಲಿ ಒಗೀಬೇಕು ಮೇಡಮ್ಮೋರೆ? ನಿಮ್ಮನೆ ಮಿಸಿನ್ಗೆ ಆಕ್ಕೊಡ್ತೀರಾ?”

ಹೆಂಗಸರು ನಕ್ಕರು. ನನಗೆ ಕೋಪ ಬಂತು. “ಹಾಗಾದ್ರೆ ಏನು ಮಾಡಬೇಕು ಅಂತ ನೀವೇ ಹೇಳಿ” ಎಂದೆ.

“ಈಜು ಕಲ್ಸಿ.”

“ಯಾರು ಕಲಿಸ್ತಾರೆ?”

“ನಾನಿಲ್ವಾ?” ಎಂದಳು, ಇಷ್ಟೂ ತಿಳಿಯದೆ ಸಂಘ ಕಟ್ಟಿದ್ದೀರಾ ಎನ್ನುವ ಮುಖದಲ್ಲಿ. ಆ ದಿನವೇ ಸರೋಜಮ್ಮನವರು ಅವಳನ್ನು ಸದಸ್ಯೆಯನ್ನಾಗಿ ಮಾಡಿಕೊಂಡರು.

ಅವಳ ಪಾಠಕ್ಕೆ ಅವಳದೇ ಕಾನೂನು. ಚೂಡಿದಾರ ಹಾಕಿಕೊಂಡು ಬಂದವರನ್ನು ವಾಪಸು ಕಳಿಸುವಳು. ಕಚ್ಚೆ ಕಟ್ಟಿಕೊಂಡರೂ ಬೈಗುಳ. “ಕಾಲು ಜಾರೋ ಮುಂಚೆ ಒಳೆ ನಿಂಗೆ ಯೋಳ್ಬುಟ್ಟು ಜಾರುಸ್ತದಾ, ಕಚ್ಚೆ ಕಟ್ಕಳಮ್ಮಿ ಅಂತ?” ದಿನಾ ಉಡುವ ಹಾಗೆಯೇ ಸೀರೆ ಉಟ್ಟು ಬರಬೇಕು. ನೆನೆದ ಸೀರೆ ಮೊಳಕಾಲಿಗೆ ಸುತ್ತಿಕೊಂಡು ಹೆಂಗಸರನ್ನು ಮುಳುಗಿಸುತ್ತದೆ ಎನ್ನುವುದು ಅವಳು ಕಣ್ಣಾರೆ ಕಂಡ ಸತ್ಯ. ಆದ್ದರಿಂದ ಬಿದ್ದ ತಕ್ಷಣ ಮಾಡಬೇಕಾದ ಮೊದಲ ಕೆಲಸ ಕೈಕಾಲು ಬಡಿಯುವುದಲ್ಲ, ಸೊಂಟಕ್ಕೆ ಕೈ ಹಾಕಿ ನೆರಿಗೆ ಕಿತ್ತು ಬಿಸಾಡುವುದು. ಆಮೇಲೆ ಕಾಲು ಆಡಿಸುವುದು. ಪಕ್ಕದವಳು ಮುಳುಗುತ್ತಿದ್ದರೆ ಕೈ ಕೊಡಕೂಡದು, ಬಿಚ್ಚಿದ ಅದೇ ಸೀರೆಯ ತುದಿಯನ್ನು ಅವಳತ್ತ ಎಸೆಯಬೇಕು.

“ಮಾನದ ಗತಿ ಏನವ್ವ?” ಎಂದು ಮೊದಲ ದಿನ ಯಾರೋ ಕೇಳಿದರು.

“ಪ್ರಾಣ ಇದ್ರೆ ಮಾನವ ಮತ್ತೆ ಉಟ್ಕಬೋದು. ಬರೀ ಮಾನ ಇದ್ರೆ ಪ್ರಾಣವ ಉಟ್ಕಳಕಾಯ್ತದಾ?”

ಮರುವಾರದಿಂದ ಹೆಂಗಸರು ಸೀರೆಯೊಳಗೆ ಮಕ್ಕಳ ಚಡ್ಡಿ, ಗಂಡಂದಿರ ಬರ್ಮುಡಾ ಹಾಕಿಕೊಂಡು ಬರತೊಡಗಿದರು. ಬೆನ್ನಿಗೆ ಖಾಲಿ ಎಣ್ಣೆ ಕ್ಯಾನು ಕಟ್ಟಿಕೊಂಡು ಅವರು ಸಾಲಾಗಿ ಕಲ್ಲಿನಿಂದ ದುಡುಮ್ಮೆಂದು ಬೀಳುವುದನ್ನು ನೋಡಿ ನಾನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೇನೆ. ನಾನು ಮಾತ್ರ ಸೊಂಟದ ಮಟ್ಟ ದಾಟುತ್ತಿರಲಿಲ್ಲ. ಹದಿನಾರು ಎಂಬ ಊರಿನಲ್ಲಿ ಹುಟ್ಟಿದ ನನಗೆ ನೀರೆಂದರೆ ಕೆರೆ, ಅದೂ ಏರಿಯ ಮೇಲೆ ನಿಂತು ನೋಡುವುದಕ್ಕೆ. ಹಾಜರಿ ಬರೆಯಬೇಕು ಎಂಬ ನೆಪ ನನಗೆ ಯಾವಾಗಲೂ ಇರುತ್ತಿತ್ತು.

ಹುಚ್ಚು ಧೈರ್ಯದವಳಲ್ಲ ನಿಂಗವ್ವ. ಭಾನುವಾರದ ಪಾಠಕ್ಕೆ ಪ್ರತಿ ಶನಿವಾರವೇ ಉದ್ದನೆಯ ಬಿದಿರು ಗಳ ಹಿಡಿದು ತಳವನ್ನೆಲ್ಲ ತಡಕಿ, ಮರಳು ತೆಗೆದ ಗುಂಡಿ ಇಲ್ಲದ ಕಡೆ ಕಡ್ಡಿ ನೆಟ್ಟು ಗಡಿ ಮಾಡುತ್ತಿದ್ದಳು. ಅಣೆಕಟ್ಟೆಯಿಂದ ನೀರು ಬಿಟ್ಟರೆ ಪಾಠವಿಲ್ಲ. ಸೇತುವೆಯ ಮೇಲೆ ಬೈಕು ನಿಲ್ಲಿಸಿ ಹಲ್ಲು ಕಿರಿಯುವ ಗಂಡಸರಿಗೆ ಮಾತ್ರ ರಜೆ ಇರಲಿಲ್ಲ. ಅವರತ್ತ ಕತ್ತೆತ್ತಿ, “ಅಲ್ಲಿ ನಿಂತ್ಕಂಡು ಏನ್ ನೋಡೀರ್ಲಾ? ಕೆಳಕ್ ಬನ್ನಿ, ನಿಮ್ಗೂ ಕಲುಸ್ತೀನಿ. ನಿಮ್ ಯಾರ್ಗೂ ಈಜು ಬರಾಕಿಲ್ಲ ಅನ್ನಾದು ನಂಗೊತ್ತು ಕಣ್ರಲಾ” ಎಂದು ಕೂಗುತ್ತಿದ್ದಳು. ಬೈಕುಗಳು ಒಂದೊಂದಾಗಿ ಹೊರಟುಹೋಗುತ್ತಿದ್ದವು.

ದೂರು ಹೋದದ್ದು ಅವರಿಂದಲೋ, ಊರಿನ ದೊಡ್ಡ ಮನುಷ್ಯರಿಂದಲೋ ತಿಳಿಯದು. ಒಂದು ಕಚೇರಿಯಿಂದ ನಮಗೆ ಕರೆ ಬಂತು. ನಿಂಗವ್ವ, ಸರೋಜಮ್ಮನವರು, ನಾನು ಮೂವರೂ ಹೋದೆವು.

“ಏನಮ್ಮಾ, ಬಯಲಲ್ಲಿ ಹೆಂಗಸರಿಗೆ ಸೀರೆ ಬಿಚ್ಚೋದನ್ನ ಹೇಳಿಕೊಡ್ತೀಯಂತೆ?” ಎಂದರು ಅಧಿಕಾರಿ.

“ಊ ಸಾ. ಬಿಚ್ಚಾದೂ ಯೋಳ್ಕೊಡ್ತೀನಿ, ಬದುಕಿ ಬಂದು ಉಟ್ಕಂಡು ಮನೆಗೋಗಾದೂ ಯೋಳ್ಕೊಡ್ತೀನಿ.”

“ಅಲ್ಲಿ ಅಪಾಯ ಅಂತ ಬೋರ್ಡು ಹಾಕಿಲ್ವಾ?”

“ಐತೆ ಸಾ. ಪಾಪ, ಆ ಬೋರ್ಡ್ಗೂ ಈಜು ಬರಾಕಿಲ್ಲ. ಓದ್ಸಲ ಒಳೆ ಬಂದಾಗ ಕೊಚ್ಕಂಡೋಗಿತ್ತು. ನಾನೇ ಎಳ್ಕಂಬಂದು ನಿಲ್ಸಿವ್ನಿ.”

ಪಕ್ಕದ ಮೇಜಿನವರು ನಗು ತಡೆಯಲು ಫೈಲಿನಲ್ಲಿ ಮುಖ ಮರೆಸಿಕೊಂಡರು. ನಿಂಗವ್ವ ನಗಲಿಲ್ಲ. ಮೇಜಿನ ಅಂಚು ಹಿಡಿದುಕೊಂಡು, ನಾವು ಯಾರೂ ಅದುವರೆಗೆ ಕೇಳಿರದ ಮಾತೊಂದನ್ನು ಹೇಳಿದಳು.

“ನಂಗೊಬ್ಳು ತಂಗಿ ಇದ್ಲು ಸಾ, ಗೌರಿ ಅಂತ. ಬಟ್ಟೆ ಒಗೀತಾ ಬಿದ್ಲು. ನಾನು ಎತ್ದಾಗ ಸೆರಗು ಎದೆ ಮ್ಯಾಲೇ ಇತ್ತು, ಒಂದು ನೆರಿಗೆ ಕದ್ಲಿರ್ನಿಲ್ಲ. ಎಲ್ಡು ಕಾಲೂ ಸೀರೇಲಿ ಕಟ್ಟಾಕ್ದಂಗಿದ್ವು. ಊರೋರು ನೋಡ್ಬುಟ್ಟು, ‘ಪಾಪ, ಮಾನವಾಗಿ ಸತ್ತವ್ಳೆ’ ಅಂದ್ರು. ಅವತ್ನಿಂದ ಮಾನ ಅನ್ನೋ ಮಾತು ಕೇಳುದ್ರೆ ನಂಗೆ ಮೈಯೆಲ್ಲ ಉರೀತದೆ.”

ಅಧಿಕಾರಿ ಕುರ್ಚಿ ತೋರಿಸಿ ಅವಳನ್ನು ಕೂರಿಸಿದರು. ಕೆಟ್ಟವರಲ್ಲ. ಆದರೆ ನಾಳೆ ಯಾರಾದರೂ ಮುಳುಗಿದರೆ ಹೊಣೆ ಯಾರದು ಎಂದು ಕೇಳಿದರು. ಪಾಠ ನಿಲ್ಲಬೇಕು. ಇಲ್ಲವಾದರೆ ಇದು ನಮ್ಮ ಕಾರ್ಯಕ್ರಮವಲ್ಲ ಎಂದು ಸಂಘ ಬರೆದುಕೊಡಬೇಕು. ಎರಡೂ ಆಗದಿದ್ದರೆ ಮುಂದಿನ ತಿಂಗಳ ಕಣ್ಣಿನ ಶಿಬಿರಕ್ಕೆ ಅನುಮತಿ ಕಷ್ಟ. ನಿಂಗವ್ವ ಪಾಠ ನಿಲ್ಲಿಸುವುದಿಲ್ಲ ಎಂದು ಅಲ್ಲೇ ಹೇಳಿ ಎದ್ದು ಹೊರಗೆ ನಡೆದಳು.

ಶಿಬಿರಕ್ಕಾಗಿ ಎಷ್ಟೋ ಮುದುಕ ಮುದುಕಿಯರು ಕಾದಿದ್ದರು. ನಾವು ಹೆದರಿದೆವು. ಶಿಬಿರದ ನೆಪ ಹೇಳುತ್ತಿದ್ದೇನೆಯೇ ಹೊರತು, ನನ್ನ ಮಟ್ಟಿಗೆ ಅದು ಬರೀ ಹೆದರಿಕೆ. ‘ಹೆಮ್ಮಿಗೆಯ ನಿಂಗಮ್ಮ ಎಂಬುವವರಿಗೂ ನಮ್ಮ ಸಂಘಕ್ಕೂ ಯಾವುದೇ ಸಂಬಂಧವಿರುವುದಿಲ್ಲ’ ಎಂದು ಬರೆದವಳು ನಾನು. ಅವಳ ಸಹಿಯೂ ಬೇಕು ಎಂದಿದ್ದರಿಂದ ಕಾಗದ ಹಿಡಿದು ಅವಳ ಮನೆಗೆ ಹೋದೆ. ಮೀನು ಹಸನು ಮಾಡುತ್ತಿದ್ದವಳು ಕೈ ತೊಳೆದು ಬಂದು, ಓದು ಎಂದಳು. ಓದಿದೆ. ಇನ್ನೊಂದು ಸಲ ಓದು ಎಂದಳು. ಓದಿದೆ.

“ಯಾವುದೇ ಅಂದ್ರೆ, ವಸಿಯೂ ಇಲ್ಲ ಅಂತಲಾ?”

ನಾನು ಪೆನ್ನು ಮುಂದೆ ಹಿಡಿದೆ. ಅವಳು ಒಂದೊಂದೇ ಅಕ್ಷರ ಒತ್ತಿ ಒತ್ತಿ ಸಹಿ ಮಾಡಿ ಕಾಗದ ಕೊಟ್ಟಳು.

“ಸರಿ ಬುಡು. ನಿಮ್ ಕಣ್ಣಿನ್ ಕೆಲ್ಸ ನಡೀಲಿ. ಭಾನುವಾರ ಬತ್ತೀಯಲ್ಲ?”

ನಾನು ಹೋಗಲಿಲ್ಲ. ಮೂರು ಭಾನುವಾರ ತಲೆನೋವು, ನೆಂಟರು, ಮತ್ತೆ ತಲೆನೋವು. ಸೇತುವೆ ದಾಟುವಾಗ ಬಸ್ಸಿನ ಆಚೆ ಬದಿಯ ಸೀಟು ಹುಡುಕಿ ಕೂರುತ್ತಿದ್ದೆ. ನಾಚಿಕೆ ಎಂಬುದು ಏನೆಂದು ಆ ದಿನಗಳಲ್ಲಿ ಸರಿಯಾಗಿ ಗೊತ್ತಾಯಿತು. ನಾಲ್ಕನೆಯ ಭಾನುವಾರ ಹೋದಾಗ ದಡದಲ್ಲಿ ಮೊದಲಿಗಿಂತ ಹೆಚ್ಚು ಹೆಂಗಸರಿದ್ದರು. ಸಂಬಂಧವಿಲ್ಲವೆಂದು ಸಂಘ ಬರೆದುಕೊಟ್ಟ ಸುದ್ದಿ ಕೇಳಿ, ಹಾಗಾದರೆ ನಾವಿದ್ದೇವೆ ಎಂದು ಬಂದವರು. ನಿಂಗವ್ವ ನನ್ನನ್ನು ನೋಡಿ ಹತ್ತಿರ ಬಂದಳು. ಹಾಜರಿ ಪುಸ್ತಕವನ್ನು ಕೈಯಿಂದ ಕಿತ್ತುಕೊಂಡು ಕಲ್ಲಿನ ಮೇಲಿಟ್ಟು, “ಇಳಿ” ಎಂದಳು. ಅಂದು ಎದೆಯ ಮಟ್ಟ ಇಳಿದೆ.

ಅವಳ ಶಿಷ್ಯೆಯರು ಯಾರನ್ನೋ ಬದುಕಿಸಿ ಪತ್ರಿಕೆಯಲ್ಲಿ ಬಂದರು ಎಂದು ಬರೆಯುವ ಆಸೆ ನನಗೂ ಇದೆ. ಅಂಥದೇನೂ ನಡೆಯಲಿಲ್ಲ. ಬಟ್ಟೆ ಒಗೆಯುವಾಗ ಜಾರಿಬಿದ್ದವರು ಎದ್ದು ಬಂದರು, ಮನೆಗೆ ಹೋಗಿ ಮುದ್ದೆ ತಿರುವಿದರು. ಮುಳುಗದೆ ಉಳಿದವರ ಸುದ್ದಿಯನ್ನು ಯಾರೂ ಬರೆಯುವುದಿಲ್ಲ.

ಕೆಲವು ವರ್ಷಗಳ ಮೇಲೆ ಕಾಲಿನ ಒಂದು ಗಾಯ ವಾಸಿಯಾಗದೆ ಸಕ್ಕರೆ ಕಾಯಿಲೆ ಅವಳನ್ನು ಮಲಗಿಸಿತು. ಮೈಸೂರಿನ ಆಸ್ಪತ್ರೆಯಲ್ಲಿ ಕೊನೆಯ ಸಲ ನೋಡಿದಾಗ ಒಂದು ಕಾಲು ತೆಗೆದಿದ್ದರು. ಹೊದಿಕೆಯ ಕೆಳಗಿನ ಆ ಖಾಲಿ ಜಾಗ ನೋಡಿ ನನಗೆ ಅಳು ತಡೆಯಲಾಗಲಿಲ್ಲ. ಕಾಗದದ ಮಾತು ತೆಗೆದು, ತಪ್ಪಾಯಿತವ್ವ ಎಂದೆ.

“ಅಯ್ಯೋ, ಆ ಕಾಗ್ದುಕ್ಕೆ ಅಳೀಯಾ? ಇಷ್ಟೊರ್ಸಾದ್ರೂ ಕತ್ತಿನ್ ಗಂಟ ಇಳ್ದಿಲ್ವಲ್ಲ, ಅದುಕ್ ಅಳು ಕೂಸೆ” ಎಂದಳು. ಆಮೇಲೆ ದನಿ ತಗ್ಗಿಸಿ, “ಒಂದ್ ಕಾಲಲ್ಲಿ ಈಜ್ಬೋದಾ ಅಂತ ಡಾಕ್ಟ್ರ ಕೇಳ್ದೆ. ಅವ್ರ್ಗೂ ಈಜು ಬರಾಕಿಲ್ವಂತೆ!” ಎಂದು ನಕ್ಕಳು. ವಾರದೊಳಗೆ ತೀರಿಕೊಂಡಳು.

ಸಂಘದ ಸಂತಾಪ ಸಭೆಯಲ್ಲಿ ನಡವಳಿ ಪುಸ್ತಕ ನನ್ನ ಮುಂದಿತ್ತು. ಏನೆಂದು ಬರೆಯುವುದು? ನಮ್ಮ ಸದಸ್ಯೆ ಎಂದು ಬರೆದರೆ ಹಳೆಯ ಕಾಗದ ಅಡ್ಡ ಬರುತ್ತದೆ. ‘ಸಮಾಜ ಸೇವಕಿ’ ಎಂದು ಬರೆದರೆ ಸಾಕು, ಯಾರಿಗೂ ತೊಂದರೆಯಿಲ್ಲ ಎಂದು ಒಬ್ಬರು ಸಲಹೆ ಕೊಟ್ಟರು. ನನಗೆ ಆಗ ಬಂದ ಸಿಟ್ಟು ಅವರ ಮೇಲಲ್ಲ, ನನ್ನ ಮೇಲೆ. ಯಾರನ್ನೂ ಕೇಳದೆ ಬರೆದೆ. ‘ನಿಂಗಮ್ಮ ನಮ್ಮ ಸಂಘದವಳು. ಸಂಬಂಧವಿಲ್ಲವೆಂದು ಹಿಂದೆ ಕೊಟ್ಟ ಕಾಗದ ಸುಳ್ಳು. ಹೆದರಿ ಅದನ್ನು ಬರೆದವಳು ನಾನು. ಈ ಭಾನುವಾರದಿಂದ ಹೊಳೆಯ ಈಜು ಪಾಠ ಸಂಘದ ಕಾರ್ಯಕ್ರಮ.’ ಗಟ್ಟಿಯಾಗಿ ಓದಿದೆ.

ಸರೋಜಮ್ಮನವರು ಕನ್ನಡಕ ತೆಗೆದು ಒರೆಸಿಕೊಂಡರು. “ಇದರ ನಕಲು ಆ ಆಫೀಸಿಗೂ ಕೊಡಬೇಕಾಗುತ್ತೆ, ಗೊತ್ತಲ್ವಾ? ಶಿಬಿರಕ್ಕೆ ತೊಂದರೆ ಆಗಬಹುದು.”

“ನಾನೇ ಕೊಟ್ಟು ಬರ್ತೀನಿ. ಆದದ್ದಾಗಲಿ.”

ಅವರು ಪೆನ್ನು ಕೇಳಿ ಮೊದಲ ಸಹಿ ಹಾಕಿದರು. ಉಳಿದವರು ಒಬ್ಬೊಬ್ಬರಾಗಿ ಹಾಕಿದರು. ‘ಸಮಾಜ ಸೇವಕಿ’ ಎಂದವರೂ ಹಾಕಿದರು.

ಮರುದಿನ ಬೆಳಗ್ಗೆ ಕಚೇರಿಗೆ ಹೋದೆ. ಅಂದು ಫೈಲಿನಲ್ಲಿ ಮುಖ ಮರೆಸಿಕೊಂಡು ನಕ್ಕಿದ್ದ ಅದೇ ನೌಕರರು ಕಾಗದವನ್ನು ಪೂರ್ತಿ ಓದಿ, ಮೊಹರಿನ ಮೇಲೆ ಕೈಯಿಟ್ಟು ನನ್ನ ಮುಖ ನೋಡಿದರು.

“ಅಲ್ಲಾ ಮೇಡಂ, ಕಲಿಸ್ತಿದ್ದ ಅಮ್ಮನೇ ಹೋಗ್ಬಿಟ್ರಲ್ಲ. ಇನ್ನು ಯಾರು ಕಲಿಸ್ತಾರೆ?”

“ಇಪ್ಪತ್ತಮೂರು ಜನ ಇದ್ದಾರೆ, ನನ್ನನ್ನ ಬಿಟ್ಟು” ಎಂದೆ. “ಸೀಲು ಹಾಕಿ.”