ಭಾವನ ಗಂಟಲ ಚಿತ್ರ

ಅಕ್ಕನ ಗಂಡನಿಗೆ ಗಂಟಲು ಕಟ್ಟಿ ಎರಡು ತಿಂಗಳಾದರೂ ಬಿಡಲಿಲ್ಲ. ಅಕ್ಕ ಕಷಾಯ ಕುಡಿಸಿದಳು, ಉಪ್ಪುನೀರು ಮುಕ್ಕಳಿಸಲು ಕೊಟ್ಟಳು, ಬೀಡಿ ಕಟ್ಟನ್ನು ಒಲೆಗೆ ಹಾಕಿದಳು. ಮಾರಿಕಣಿವೆಯ ಹಿನ್ನೀರು ಇಳಿದ ಬಯಲಿನಲ್ಲಿ ಕುರಿ ಮೇಯಿಸುವ ಭಾವನಿಗೆ ದನಿಯೇ ಕೋಲು. ದಂಡೆಯ ಮೇಲೆ ನಿಂತು ಒಮ್ಮೆ ಕೂಗಿದರೆ ದೂರದಲ್ಲಿದ್ದ ಕುರಿಯೂ ತಲೆಯೆತ್ತುತ್ತಿತ್ತು. ಈಗ ಕಾಲ ಬುಡದಲ್ಲಿ ನಿಂತ ಕುರಿಯೂ ಎತ್ತುತ್ತಿರಲಿಲ್ಲ.

ನಾನು ಹೊಸದುರ್ಗದಲ್ಲಿ ಡ್ರಿಲ್ ಮೇಷ್ಟರಾಗಿದ್ದವನು. ನಿವೃತ್ತನಾದ ಮೇಲೂ ಐದಕ್ಕೆ ಏಳುತ್ತೇನೆ, ಆರಕ್ಕೆ ನಡೆಯುತ್ತೇನೆ, ಆಗಬೇಕಾದ ಕೆಲಸವನ್ನು ನಾಳೆಗೆ ಇಡುವುದಿಲ್ಲ. ಭಾವನ ದನಿ ಕೇಳಿದ ಮರುದಿನವೇ ಹೊಳಲ್ಕೆರೆ ಮೇಲೆ ಹೋಗುವ ಮೊದಲ ಬಸ್ಸಿಗೆ ಆತನನ್ನು ಹತ್ತಿಸಿ ಚಿತ್ರದುರ್ಗಕ್ಕೆ ಕರೆದೊಯ್ದೆ. ಡಾಕ್ಟರು ಮೂಗಿನಿಂದ ಸಣ್ಣ ಕ್ಯಾಮೆರಾ ಇಳಿಸಿ ನೋಡಿದರು. ಎಡಗಡೆಯ ಧ್ವನಿತಂತುವಿನ ಮೇಲೆ ಒಂದು ಗಂಟು ಕೂತಿತ್ತು. ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಕ್ಯಾನ್ಸರ್ ಎಂದು ಬಂತು.

ಎಷ್ಟು ಹಬ್ಬಿದೆ ಎಂದು ತಿಳಿಯಲು ಕುತ್ತಿಗೆಯ ಸಿ.ಟಿ. ಸ್ಕ್ಯಾನ್ ಆಗಬೇಕಿತ್ತು. ಚಿತ್ರ ತೆಗೆಯುವಾಗ ಅಲುಗಾಡಬಾರದು, ಉಗುಳು ನುಂಗಬಾರದು ಎಂದರು. ನನಗೆ ಅಷ್ಟೇ ಸಾಕಿತ್ತು. ಹಟ್ಟಿಯ ಅಂಗಳದಲ್ಲಿ ಭಾವನನ್ನು ಮಂಚದ ಮೇಲೆ ಮಲಗಿಸಿ, ಸೀಟಿ ಊದಿ, ಇಪ್ಪತ್ತು ಎಣಿಸುವವರೆಗೆ ಉಗುಳು ನುಂಗದಂತೆ ಮೂರು ದಿನ ಅಭ್ಯಾಸ ಮಾಡಿಸಿದೆ.

"ಏನಪ್ಪ, ಆಸ್ಪತ್ರೆಗೆ ಕರ್ಕಂಡೋಗ್ತೀಯೋ, ಮಿಲಿಟರಿಗೆ ಸೇರಿಸ್ತೀಯೋ?" ಎಂದು ಅಕ್ಕ ನನ್ನ ಮೇಲೆ ರೇಗಿದಳು.

"ಬಿಡೇ, ಸೇರ್ಕಂತೀನಿ. ಅಲ್ಲಿ ಮೂರು ಹೊತ್ತು ಅನ್ನನಾದ್ರೂ ಹಾಕ್ತಾರಂತೆ" ಎಂದು ಭಾವ ಮಲಗಿದಲ್ಲಿಂದಲೇ ಪಿಸುಗುಟ್ಟಿದ.

ಸ್ಕ್ಯಾನಿನ ಚಿತ್ರ ಅಲುಗದೆ ಚೆನ್ನಾಗಿಯೇ ಬಂತು. ಆದರೆ ಗಂಟು ಗಂಟಲ ನಡುಗೆರೆಯ ಹತ್ತಿರ ಬಂದಿತ್ತು, ಕುತ್ತಿಗೆಯಲ್ಲಿ ಊದಿದ ಒಂದು ಸಣ್ಣ ಗ್ರಂಥಿ ಕಾಣುತ್ತಿತ್ತು. ರೋಗ ಎಡಗಡೆಗಷ್ಟೇ ನಿಂತಿದ್ದರೆ ರೇಡಿಯೇಷನ್ ಕೊಡಬಹುದು, ದನಿ ಉಳಿಯುತ್ತದೆ. ಸುತ್ತಲೆಲ್ಲ ಹಬ್ಬಿದ್ದರೆ ಧ್ವನಿಪೆಟ್ಟಿಗೆಯನ್ನೇ ತೆಗೆದು ಉಸಿರಾಟಕ್ಕೆ ಕುತ್ತಿಗೆಯಲ್ಲಿ ರಂಧ್ರ ಮಾಡಬೇಕಾಗುತ್ತದೆ. ಇದನ್ನು ತೀರ್ಮಾನಿಸಲು ಪೆಟ್ ಸ್ಕ್ಯಾನ್ ಮಾಡಿಸಿ ಎಂದು ಬೆಂಗಳೂರಿಗೆ ಬರೆದುಕೊಟ್ಟರು. ವಾಪಸು ಬರುವಾಗ ಬಸ್ಸಿನಲ್ಲಿ ಭಾವ ಒಂದೇ ಮಾತು ಕೇಳಿದ: "ತೂತು ಮಾಡಿದ್ರೆ ಕೂಗಾಕೆ ಆಗ್ತೈತಾ?"

ಆಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಕಿಟಕಿ ಹಾಕು, ಧೂಳು ಬರುತ್ತೆ ಎಂದೆ.

ಹಿರಿಯೂರಿನಲ್ಲಿ ಬೆಂಗಳೂರಿನ ಬಸ್ಸು ಹಿಡಿದೆವು. ಪೆಟ್ ಸ್ಕ್ಯಾನಿನ ನಿಯಮಗಳನ್ನು ನಾನು ಮೊದಲೇ ಫೋನು ಮಾಡಿ ಬರೆದುಕೊಂಡಿದ್ದೆ. ಖಾಲಿ ಹೊಟ್ಟೆ, ನೀರು ಕುಡಿಯಬಹುದು, ಇಂಜೆಕ್ಷನ್ ಕೊಟ್ಟ ಮೇಲೆ ಒಂದು ಗಂಟೆ ಮಂದ ಬೆಳಕಿನ ಕೋಣೆಯಲ್ಲಿ ಸುಮ್ಮನೆ ಒರಗಿರಬೇಕು, ಮಾತು ಕೂಡದು. ದಾರಿಯುದ್ದಕ್ಕೂ ಇದನ್ನು ಭಾವನಿಂದ ಬಾಯಿಪಾಠ ಒಪ್ಪಿಸಿಕೊಂಡೆ. ಆ ಕೋಣೆಯೊಳಗೆ ಜೊತೆಯವರನ್ನು ಬಿಡುವುದಿಲ್ಲ. ನಾನು ಹೊರಗೆ ಬೆಂಚಿನ ಮೇಲೆ ಕೂತು, ನನ್ನ ತಯಾರಿ ಸರಿಯಾಗಿದೆ ಎಂದು ನೆಮ್ಮದಿಯಾಗಿದ್ದೆ.

ಮಧ್ಯಾಹ್ನ ಡಾಕ್ಟರು ಕರೆದರು. ಚಿಕ್ಕ ವಯಸ್ಸಿನವರು, ಸಮಾಧಾನದ ಮನುಷ್ಯ. ಭಾವನನ್ನು ಹೊರಗೆ ಕೂರಿಸಿ ನನಗೆ ಪರದೆ ತೋರಿಸಿದರು. ಕೊಟ್ಟ ಇಂಜೆಕ್ಷನ್ ಒಂದು ಬಗೆಯ ಸಕ್ಕರೆಯಂತೆ. ಎಲ್ಲಿ ದುಡಿಮೆ ಹೆಚ್ಚೋ ಅಲ್ಲಿಗೆ ಅದು ಹೋಗಿ ಸೇರುತ್ತದೆ, ಅಲ್ಲಿ ಚಿತ್ರದಲ್ಲಿ ಬೆಳಕು ಕಾಣುತ್ತದೆ. ಕ್ಯಾನ್ಸರ್ ಹಗಲೂ ರಾತ್ರಿ ದುಡಿಯುತ್ತದೆ. ಎಡಗಡೆ ಗಂಟು ಇದ್ದಲ್ಲಿ ಬೆಳಕಿತ್ತು. ಬಲಗಡೆಯೂ ಇತ್ತು. ನಾಲಿಗೆಯ ಬುಡದಲ್ಲೂ ಇತ್ತು.

"ಇದೆಲ್ಲ ಕಾಯಿಲೆಯೇ ಆಗಿದ್ರೆ ಧ್ವನಿಪೆಟ್ಟಿಗೆ ಉಳಿಸೋದು ಕಷ್ಟ. ಇಂಜೆಕ್ಷನ್ ಆದ್ಮೇಲೆ ಇವರು ಮಾತಾಡಿದ್ರಾ?" ಎಂದು ಕೇಳಿದರು.

"ಇಲ್ಲ ಸಾರ್. ಒಂದಕ್ಷರ ಇಲ್ಲ. ನಾನೇ ತಯಾರು ಮಾಡಿ ಕರ್ಕಂಡ್ ಬಂದಿದೀನಿ" ಎಂದೆ ನಾನು, ನೆಟ್ಟಗೆ ನಿಂತು.

ಅವರು ತಲೆಯಾಡಿಸಿ ಏನೋ ಬರೆದುಕೊಂಡರು. ನಾನು ಹೊರಗೆ ಬಂದು ಭಾವನ ಪಕ್ಕ ಕೂತೆ. ಡಾಕ್ಟರ ಮಾತನ್ನು ಹೇಳುವ ಬದಲು, ಒಳಗೆ ಬೇಜಾರಾಯಿತಾ ಎಂದು ಕೇಳಿದೆ.

"ಹೊತ್ತೇ ಹೋಗ್ಲಿಲ್ಲ ಮೇಷ್ಟ್ರೇ. ಅದಕ್ಕೆ ಕುರಿ ಬಿಟ್ಟೆ."

"ಕುರಿ ಬಿಟ್ಟೆ ಅಂದ್ರೆ?"

"ಹಟ್ಟಿಯಿಂದ ಕುರಿ ಹೊರಡೋ ಹೊತ್ತಲ್ಲವಾ ಅದು. ಕಣ್ಮುಚ್ಕಂಡು ಒಂದೊಂದ್ನೇ ಕರ್ದು ಹೊರಗೆ ಕಳಿಸ್ದೆ. ಕರೇಕಿವಿ ಬಾ, ಮಚ್ಚೆಮುಖದ್ದು ಬಾ, ಕುಂಟಿ ಬಾ. ಕುಂಟಿ ಹೊರಟಿದ್ದು ಅನುಮಾನ ಆತು. ಇನ್ನೊಂದ್ಸಲ ಎಲ್ಲಾನೂ ಒಳಕ್ಕೆ ಹಾಕಿ, ತಿರುಗ ಬಿಟ್ಟೆ."

ಕುರಿಯವರು ಮಂದೆಯನ್ನು ಲೆಕ್ಕ ಹಾಕುವುದಿಲ್ಲ. ಎಣಿಸಿದರೆ ಮಂದೆ ಕುಗ್ಗುತ್ತದೆ ಎಂದು ನಂಬಿಕೆ. ಒಂದೊಂದನ್ನೂ ಅದರ ಗುರುತಿನಿಂದ ಕರೆದು, ಎಲ್ಲವೂ ಇವೆ ಎಂದು ತಿಳಿಯುತ್ತಾರೆ. ಭಾವನ ಮಂದೆಯಲ್ಲಿ ನೂರಕ್ಕೂ ಹೆಚ್ಚು ಕುರಿಗಳಿದ್ದವು.

"ಬಾಯಿಬಿಟ್ಟು ಕರ್ದ್ಯಾ?"

"ಮೆಲ್ಲಕೆ. ಗಂಟ್ಲೊಳಗೇ. ನೀನು ಯಾರ ಹತ್ರಾನೂ ಮಾತಾಡ್ಬೇಡ ಅಂದಿದ್ದೆ. ಅಲ್ಲಿ ಯಾರಿದ್ರು?"

ನನಗೆ ಆತನ ಮೇಲೆ ಸಿಟ್ಟು ಬರಲಿಲ್ಲ. ನೋಡದೆ ಇದ್ದುದಕ್ಕೆ ಸಾಕ್ಷಿ ಹೇಳಿದವನು ನಾನು. ಮುಚ್ಚಿದ ಕೋಣೆಯಲ್ಲಿ ನಡೆದದ್ದನ್ನು ಹೊರಗೆ ಕೂತು ಕಂಡವನಂತೆ, ಎದೆಯುಬ್ಬಿಸಿ, ಒಂದಕ್ಷರ ಇಲ್ಲ ಎಂದಿದ್ದೆ. ಇಂಥ ಸಾಕ್ಷಿ ಹೇಳಿದ ಎಷ್ಟು ಹುಡುಗರನ್ನು ಬಿಸಿಲಿಗೆ ನಿಲ್ಲಿಸಿದ್ದೇನೋ. ಎದ್ದು, ಚೀಟಿಯ ಸರದಿಯನ್ನೂ ನೋಡದೆ ಡಾಕ್ಟರ ಬಾಗಿಲು ತಳ್ಳಿದೆ.

"ಸಾರ್, ನಾನು ಸುಳ್ಳು ಹೇಳ್ದೆ. ಇವನು ಗಂಟೆ ಪೂರಾ ಕುರಿ ಕರ್ದಿದಾನೆ."

ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಭಾವನನ್ನೇ ಒಳಗೆ ಕರೆದು, ಹೇಗೆ ಕರೆದಿರಿ, ತೋರಿಸಿ ಎಂದರು. ಭಾವ ಸಂಕೋಚದಿಂದ ನಾಲಿಗೆಯನ್ನು ಅಂಗುಳಕ್ಕೆ ಹಚ್ಚಿ, ಗಂಟಲು ಬಿಗಿದು ಒಂದು ಕುರಿಯನ್ನು ಕರೆದ. ಡಾಕ್ಟರು ನಕ್ಕುಬಿಟ್ಟರು. ದುಡಿದ ಸ್ನಾಯುವೂ ಸಕ್ಕರೆ ತಿನ್ನುತ್ತದೆ, ಎರಡೂ ಪಕ್ಕ ಸಮನಾಗಿ ಹರಡಿದ್ದನ್ನು ಕಂಡು ಇದು ಮಾತಾಡಿದ್ದರ ಬೆಳಕೇ ಎಂದು ನನಗೂ ಅನುಮಾನವಿತ್ತು, ನೀವು ಅಷ್ಟು ಖಡಾಖಂಡಿತವಾಗಿ ಹೇಳಿದ್ದರಿಂದ ಅದನ್ನು ಬಿಟ್ಟೆ ಎಂದರು. ಆದರೆ ಅನುಮಾನದ ಮೇಲೆ ಬಿಡುವ ಹಾಗಿಲ್ಲ. ಎಂ.ಆರ್.ಐ. ಆಗಬೇಕು, ಮತ್ತೆ ಗಂಟಲೊಳಗೆ ನೋಡಿ ಬಲಗಡೆಯ ಚೂರನ್ನೂ ಪರೀಕ್ಷಿಸಬೇಕು.

"ಈ ಸಲ ಏನೇನು ಮಾಡಬಾರ್ದು, ಹೇಳಪ್ಪ" ಎಂದು ಎಂ.ಆರ್.ಐ. ಬಾಗಿಲಲ್ಲಿ ಭಾವ ನನ್ನನ್ನು ಕೇಳಿದ. ಸಿಸ್ಟರನ್ನು ಕೇಳು ಎಂದೆ. ಅರ್ಧ ಗಂಟೆಯ ಮೇಲೆ ಹೊರಬಂದು, ಟ್ರ್ಯಾಕ್ಟರಿನ ಇಂಜಿನ್ನೊಳಗೆ ಮಲಗಿದಂಗಿತ್ತು, ಕುರಿ ನೆನಪಿಗೇ ಬರಲಿಲ್ಲ ಎಂದ.

ಬಲಗಡೆಯ ಚೂರನ್ನೂ ತೆಗೆದು ಪರೀಕ್ಷೆಗೆ ಕಳಿಸಿದ ಮೇಲೆ ಎಂಟು ದಿನ ಕಳೆಯಿತು. ಆ ಎಂಟು ದಿನ ನಾನು ಆರಕ್ಕೆ ನಡೆಯಲು ಹೋಗಲಿಲ್ಲ. ಒಂಬತ್ತನೆಯ ದಿನ ಡಾಕ್ಟರು ಎಲ್ಲ ಚಿತ್ರಗಳನ್ನೂ ಪಕ್ಕಪಕ್ಕಕ್ಕೆ ಇಟ್ಟು ಹೇಳಿದರು: ಬಲಗಡೆ ಏನೂ ಇಲ್ಲ, ನಾಲಿಗೆ ಶುದ್ಧ, ಕುತ್ತಿಗೆಯ ಗ್ರಂಥಿಯಲ್ಲಿ ಬೆಳಕೂ ಇಲ್ಲ, ರೋಗವೂ ಇಲ್ಲ. ರೇಡಿಯೇಷನ್ ಸಾಕು. ಧ್ವನಿಪೆಟ್ಟಿಗೆ ತೆಗೆಯುವುದಿಲ್ಲ.

ಅಲ್ಲಿಂದಲೇ ಅಕ್ಕನಿಗೆ ಫೋನು ಹಚ್ಚಿದೆ.

"ದನಿ ಉಳೀತೈತಂತೆ ಕಣಕ್ಕ" ಎಂದೆ.

"ಉಳೀತೈತಾ? ಹಂಗಾರೆ ನನ್ನ ಕಿವಿ ಗತಿ ಮುಗೀತು ಬಿಡು" ಎಂದಳು. ಆಮೇಲೆ ಮೂಗು ಒರೆಸಿಕೊಳ್ಳುವುದು ಕೇಳಿಸಿತು. ಭಾವ ನನ್ನ ಕೈಯಿಂದ ಫೋನು ಕಿತ್ತುಕೊಂಡು, ಆ ಒಡಕು ಗಂಟಲಲ್ಲೇ, ಆಸ್ಪತ್ರೆಯ ಮಂದಿಯೆಲ್ಲ ತಿರುಗಿ ನೋಡುವ ಹಾಗೆ ಕೂಗಿದ:

"ಲೇ, ಅಳಬ್ಯಾಡ. ಊಟ ಮಾಡಿದ್ಯೇನೇ?"