ಅಂಡಮಾನಿನಲ್ಲಿ ಕೊಬ್ಬರಿ ಪಾಠ

ಗೈಡ್ ಪ್ರೀತಿಯಿಂದ ಎಳನೀರು ಕೊಚ್ಚಿ ಕೈಗಿಟ್ಟದ್ದೇ ತಡ, ನಮ್ಮ ಯಜಮಾನರು ಹೌಹಾರಿದರು. "ಲೇ ತಮ್ಮ, ವರ್ಷ ಅಟ್ಟದ ಮೇಲಿಟ್ರೆ ಉಂಡೆಕೊಬ್ರಿ ಆಗೋದು ಕಣ್ಲಾ, ಎಳೇದ್ರಲ್ಲೇ ಕುತ್ಗೆ ಕುಯ್ದ್‌ಬುಟ್ಯಲ್ಲಾ!"

ಅಂಡಮಾನ್ ಸುತ್ತಲು ಒಂದು ದಿನದ ಮಟ್ಟಿಗೆ ನಮಗಿಬ್ಬರಿಗೇ ಗೊತ್ತು ಮಾಡಿಕೊಂಡಿದ್ದ ಗೈಡ್. ಕನ್ನಡ ಬಾರದ ಆತ ನಕ್ಕು ಇನ್ನೊಂದು ಕೊಚ್ಚಿದ. ತಿಪಟೂರು ಸೀಮೆಯವರು ಬಿಟ್ಟಾರೆಯೇ? ಮರದಡಿ ಬಿದ್ದಿದ್ದ ಬಲಿತ ಕಾಯಿ ಎತ್ತಿ ಅವನ ಕಿವಿಯ ಬಳಿ ಕುಲುಕಿ, ಒಳಗೆ ಕೊಬ್ಬರಿ ಚಿಪ್ಪು ಬಿಟ್ಟಾಗ ಬರುವ ಗಡಗಡ ಸದ್ದನ್ನು ಬಾಯಲ್ಲೇ ಮಾಡಿ ತೋರಿಸಿದರು. ಪಾಠ ಮುಗಿಯುವಷ್ಟರಲ್ಲಿ ಹವಳದ ದಿಬ್ಬಕ್ಕೆ ಹೋಗುವ ಕೊನೆಯ ದೋಣಿ ಹೊರಟುಹೋಗಿತ್ತು.

"ಹೋದ್ರೆ ಹೋಗ್ಲಿ ಬುಡೇ, ನೀರೊಳಗಿನ ಕಲ್ಲು ನೋಡೋದೇನೈತೆ?" ಎಂದರು.

ಊರಿಗೆ ಬಂದು ಕ್ಯಾಮೆರಾದ ರೀಲು ತೊಳೆಸಿದರೆ ಬರೀ ತೆಂಗಿನಮರ. ಚೀಲದಲ್ಲಿ ಹೊತ್ತು ತಂದ ಆ ಕಾಯಿ ಹೊನ್ನವಳ್ಳಿಯ ನಮ್ಮ ಅಟ್ಟದಲ್ಲಿ ವರ್ಷ ಕಳೆದು ಈಗ ನಿಜವಾಗಿಯೂ ಗಡಗಡ ಎನ್ನುತ್ತದೆ. ಹವಳ ಹೇಗಿತ್ತೆಂದು ಯಾರಾದರೂ ಕೇಳಿದರೆ, ನಾನು ಅದನ್ನೇ ಇಳಿಸಿ ಅವರ ಕಿವಿಯ ಬಳಿ ಕುಲುಕುತ್ತೇನೆ.