ಐದನೆಯ ಕಾಡತೂಸು

ಆಗೆಲ್ಲ ಶೇಂಗಾ ಕೀಳುವ ಹೊತ್ತಿಗೆ ಧರ್ಮಪುರದ ಕಡೆಯ ನಮ್ಮೂರಿನ ಮಕ್ಕಳ ಬಾಯಿ ಸುತ್ತ ಸದಾ ಮಸಿ ಇರುತ್ತಿತ್ತು. ಹಸಿ ಗಿಡವನ್ನೇ ಬೆಂಕಿಗೆ ಹಿಡಿದು ಸುಟ್ಟು, ಬಿಸಿ ಕಾಯಿ ಬಿಡಿಸಿ, ಬೆಲ್ಲ ಕಚ್ಚಿಕೊಂಡು ತಿನ್ನುತ್ತಿದ್ದೆವು. ಆ ಕಡೆ ಬೆಳೆದವರಿಗೆ ಇದನ್ನು ಓದುವಾಗಲೇ ಆ ಹೊಗೆ ಮೂಗಿಗೆ ಬಂದೀತು. ನಾನು ಹೇಳಹೊರಟಿರುವ ದಿನವೂ ನನ್ನ ಬಾಯಿ ಹಾಗೇ ಕಪ್ಪಾಗಿತ್ತು. ನಾನಾಗ ಐದನೇ ಕ್ಲಾಸು. ನಮ್ಮ ಮನೆಯಲ್ಲಿ ಎಲ್ಲ ಸರಿಯಾಗಿದ್ದ ಕೊನೆಯ ದಿನ ಅದು.

ಅಪ್ಪನ ಹತ್ತಿರ ಲೈಸೆನ್ಸಿನ ಬಂದೂಕು ಇತ್ತು. ಒಂಟಿ ನಳಿಗೆಯದು, ಬೆಳೆ ಕಾಯಲು ಕೊಟ್ಟದ್ದು. ಊರಿಗೆಲ್ಲ ಅದೊಂದೇ. ಕಾಯಿ ಬಲಿತ ಮೇಲೆ ಕಾಡುಹಂದಿಗಳು ಹಿಂಡಾಗಿ ಬಂದು ಹೊಲವನ್ನು ನೇಗಿಲು ಹೊಡೆದ ಹಾಗೆ ಮಾಡಿ ಹೋಗುತ್ತಿದ್ದವು. ಅಪ್ಪ ಆಕಾಶಕ್ಕೆ ಒಂದು ಗುಂಡು ಹಾರಿಸಿದರೆ ನಾಲ್ಕು ದಿನ ಆ ಕಡೆ ಸುಳಿಯುತ್ತಿರಲಿಲ್ಲ. ಅವನು ಯಾವ ಪ್ರಾಣಿಯನ್ನೂ ಹೊಡೆದವನಲ್ಲ. ಹಾರಿಸಿದ ಕಾಡತೂಸಿನ ಖಾಲಿ ಚಿಪ್ಪು ನನ್ನ ಪಾಲು. ಅದರ ಬಾಯಿಗೆ ತುಟಿ ಇಟ್ಟು ಊದಿದರೆ ಪೀಪಿಯ ಸದ್ದು ಬರುತ್ತಿತ್ತು. ಹೊಸ ಕಾಡತೂಸು ಒಟ್ಟು ಐದು ಇದ್ದವು, ಹೊಲ ಕಾಯುವಾಗ ಒಂದು ಬಂದೂಕಿನೊಳಗೆ, ಉಳಿದವು ಬಿಸ್ಕೆತ್ತಿನ ತಗಡಿನ ಡಬ್ಬಿಯಲ್ಲಿ.

ಬಂದೂಕು ಬೇಡ ಎನ್ನುತ್ತಿದ್ದವನು ನಮ್ಮ ಪಕ್ಕದ ಹೊಲದ ರುದ್ರಪ್ಪ. ಸಂಬಂಧಿಯಲ್ಲ, ಆದರೂ ನನಗೆ ರುದ್ರಮಾವ. ಬೆನ್ನ ಹಿಂದೆ ಆಡಿಕೊಳ್ಳುವವರು ಊರಲ್ಲಿ ಇನ್ನೂ ಕೆಲವರಿದ್ದರು. ಎದುರಿಗೆ ಬಂದು ಕೂತು ಹೇಳುತ್ತಿದ್ದವನು ಅವನೊಬ್ಬನೇ. ಸಂಜೆಯಾದರೆ ನಮ್ಮ ಕಣಕ್ಕೆ ಬರುತ್ತಿದ್ದ, ಜೊತೆಗೆ ಅವನ ಕೆಂಚ ನಾಯಿ. ಅವನು ಬಂದ ಕೂಡಲೇ ಅಪ್ಪ ಬಂದೂಕನ್ನು ಕೀಲಿನ ಹತ್ತಿರ ಮುರಿದು ತೆರೆದು, ಒಳಗಿನ ಕಾಡತೂಸು ತೆಗೆದು ಅವನ ಕೈಗೆ ಕೊಡುತ್ತಿದ್ದ. ಎದ್ದು ಹೋಗುವಾಗ ಅವನು ಅದನ್ನು ಅಪ್ಪನಿಗೆ ಹಿಂದಿರುಗಿಸುತ್ತಿದ್ದ. ಇದು ಅವರಿಬ್ಬರೇ ಮಾಡಿಕೊಂಡಿದ್ದ ಪದ್ಧತಿ. ಯಾಕೆ ಹೀಗೆ ಎಂದು ನಾನು ಒಮ್ಮೆ ಅಪ್ಪನನ್ನು ಕೇಳಿದ್ದೆ. "ಬಂದೂಕು ಇರೋನ ಎದ್ರಿಗೆ ಕುಂತೋನು ಹೆದರ್ಕಂಡು ಮಾತಾಡಬಾರ್ದವ್ವ. ಹೆದರ್ಕಂಡು ಹೌದು ಅಂದ್ರೆ ಅದು ಹೌದಲ್ಲ," ಎಂದಿದ್ದ.

ಆ ಸಂಜೆಯೂ ಹಾಗೇ ಆಯಿತು. ಅರ್ಧ ಹೊಲ ಕಿತ್ತಾಗಿತ್ತು. ಬಿಡಿಸಿದ ಕಾಯಿ ಕಣದ ತುಂಬ ಹರಡಿತ್ತು. ರುದ್ರಮಾವ ತನ್ನ ಹಳೇ ಕರಿ ಕೋಟು ಹಾಕಿಕೊಂಡು ಬಂದ, ಕಾಡತೂಸು ಅಂಗೈಯಲ್ಲಿಟ್ಟುಕೊಂಡು ಕೂತ. ಹಂದಿ ಓಡಿಸಲು ತಗಡು ಬಡಿದರೆ ಸಾಲದೇ ಎಂದು ಅವನು, ತಗಡಿಗೆ ಅವು ಹೆದರುವ ಕಾಲ ಹೋಯಿತು ಎಂದು ಅಪ್ಪ.

"ನಿನ್ನ ಬಂದೂಕು ಯಾಕಪ್ಪ ಬೇಕು ಈರಣ್ಣ? ನಿನ್ನ ಹೆಂಡ್ತಿ ಒಂದ್ಸಲ ಕೂಗಿದ್ರೆ ಹಂದಿ ಆಂಧ್ರ ದಾಟ್ತಾವೆ," ಎಂದ ರುದ್ರಮಾವ. ಕಾಯಿ ಬಿಡಿಸುತ್ತಿದ್ದ ಅವ್ವ, "ಮೊದ್ಲು ನಿಮ್ಮ ಮ್ಯಾಲೆ ಕೂಗಿ ನೋಡ್ತೀನಿ ತಡೀರಿ," ಎಂದಳು. ಎಲ್ಲರೂ ನಕ್ಕೆವು. ಆಮೇಲೆ ಅವನು ದನಿ ತಗ್ಗಿಸಿದ.

"ಹಂದಿ ವಿಷ್ಯ ಬಿಡು. ಬಂದೂಕು ಇರೋ ಮನೆಯಾಗೆ ಏನೇ ಆಗ್ಲಿ, ಜನ ಮೊದ್ಲು ಅದ್ರ ಕಡೀಗೇ ನೋಡ್ತಾರೆ. ನಂಗೆ ಅದೇ ಭಯ."

"ನೀನು ಹೇಳೋದು ಸುಳ್ಳಲ್ಲ ರುದ್ರಣ್ಣ," ಎಂದ ಅಪ್ಪ. "ಆದ್ರೆ ಒಬ್ನೇ ಇದೀನಿ. ನಾಕು ಎಕರೆ ಹೆಂಗೆ ಕಾಯ್ಲಿ, ಅದನ್ನ ಹೇಳು."

ಅದಕ್ಕೆ ರುದ್ರಮಾವ ಏನು ಹೇಳುತ್ತಿದ್ದನೋ, ಅಷ್ಟರಲ್ಲಿ ಗಾಳಿ ಎದ್ದಿತು. ಹಿಂದೆಯೇ ದಪ್ಪ ಹನಿ. ಎಲ್ಲರೂ ಕಾಯಿಗೆ ಟಾರ್ಪಾಲು ಹೊದಿಸಲು ಓಡಿದೆವು. ರುದ್ರಮಾವ ಒಂದು ತುದಿ, ಅಪ್ಪ ಒಂದು ತುದಿ, ನಾನು ಕಲ್ಲು ಹೊತ್ತು ತಂದು ಅಂಚಿಗೆ ಇಟ್ಟೆ. ಮುಗಿಯುವಷ್ಟರಲ್ಲಿ ನೆನೆದು ತೊಪ್ಪೆಯಾಗಿದ್ದೆವು. ಅವನು ತಲೆಗೆ ಗೋಣಿಚೀಲ ಹಾಕಿಕೊಂಡು, ಕೆಂಚನನ್ನು ಕೂಗುತ್ತಾ ಮನೆಗೆ ಓಡಿದ.

ಮರುದಿನ ಬೆಳಕು ಹರಿಯುವ ಮುಂಚೆ ಹೊಲದ ಕಡೆಯಿಂದ ಢಂ ಎಂದು ಸದ್ದು ಬಂತು. ನಾನು ಹೊದಿಕೆಯೊಳಗೇ ಕೇಳಿದೆ. ಅಪ್ಪನ ಹಾಸಿಗೆ ಖಾಲಿ ಇತ್ತು. ಹೊತ್ತು ಏರಿದ ಮೇಲೆ ಎರಡು ಹೊಲಗಳ ನಡುವಿನ ಬದುವಿನಲ್ಲಿ ಕೆಂಚ ಸತ್ತು ಬಿದ್ದಿರುವುದು ಸಿಕ್ಕಿತು. ಮುಖ ಗುರುತು ಸಿಗದ ಹಾಗೆ ಹರಿದಿತ್ತು.

ರುದ್ರಮಾವ ನೆಟ್ಟಗೆ ಅಪ್ಪನ ಹತ್ತಿರ ಬಂದು ಕೇಳಿದ. ತಾನು ಕಾಯಿಗೆ ನೀರು ಹೊಕ್ಕಿದೆಯೇ ಎಂದು ನೋಡಲು ಕಣಕ್ಕೆ ಹೋಗಿದ್ದೆ, ಬಂದೂಕು ಮನೆಯಲ್ಲೇ ಇತ್ತು ಎಂದ ಅಪ್ಪ. ರುದ್ರಮಾವ ತಲೆಯಾಡಿಸಿ ಹೋದ. ನನಗೆ ಮಾತ್ರ ತಡೆಯಲಿಲ್ಲ. ಯಾರೂ ಇಲ್ಲದಾಗ ಡಬ್ಬಿ ತೆರೆದು ನೋಡಿದೆ. ನಾಲ್ಕು ಇದ್ದವು. ಬಂದೂಕು ಮುರಿಯುವುದು ನೋಡಿ ಕಲಿತಿದ್ದೆ, ಅದರೊಳಗೂ ಏನೂ ಇರಲಿಲ್ಲ. ನಳಿಗೆಯ ಬಾಯಿ ಮೂಸಿದೆ. ಸುಟ್ಟ ವಾಸನೆ, ಮಿಷನ್ ಎಣ್ಣೆಯ ವಾಸನೆ. ಅದು ಯಾವಾಗಲೂ ಇರುತ್ತಿದ್ದದ್ದೇ.

ಮಧ್ಯಾಹ್ನ ನಲ್ಲಿಯ ಹತ್ತಿರ ರುದ್ರಮಾವ ಸಿಕ್ಕ. ನನ್ನ ಬಿಂದಿಗೆ ಎತ್ತಿಕೊಟ್ಟು ಮೆಲ್ಲಗೆ ಕೇಳಿದ.

"ನಿಮ್ಮಪ್ಪಂದು ಸುಳ್ಳು ಅಂತ ನಾನಂತಿಲ್ಲ ತಾಯಿ. ಡಬ್ಬಿಯಾಗೆ ಎಷ್ಟವೆ?"

"ನಾಕು," ಎಂದೆ.

ಅವನು ಮನೆಯ ಕಡೆ ಹೊರಟ. ಸಂಜೆ ಬೇವಿನ ಕಟ್ಟೆಯ ಹತ್ತಿರ ಹಿರಿಯರು ಸೇರಿದಾಗ, ತಾನು ಪೊಲೀಸಿಗೆ ಹೋಗುವುದಿಲ್ಲ, ಆದರೆ ಡಬ್ಬಿ ತಂದು ಐದೂ ಕಾಡತೂಸು ತೋರಿಸಲಿ ಎಂದ. ಯಾರು ಹೇಳಿದರೆಂದು ಬಾಯಿ ಬಿಡಲಿಲ್ಲ. ಅಪ್ಪ ಸಂಶಯವಿಲ್ಲದೆ ಡಬ್ಬಿ ತಂದು ಎಲ್ಲರ ಮುಂದೆ ತೆರೆದ. ಆಮೇಲೆ ಅವನ ಕೈ ನಿಂತಿತು. ಒಂದು ಸಲ ಡಬ್ಬಿ ನೋಡಿದ, ಒಂದು ಸಲ ರುದ್ರಮಾವನನ್ನು ನೋಡಿದ. ರುದ್ರಮಾವ ಅವತ್ತು ಬರೀ ಬನಿಯನ್ನಿನಲ್ಲಿ ಬಂದಿದ್ದ.

"ಹೊಲದಾಗೆ ಎಲ್ಲೋ ಬಿದ್ದೋಗಿರ್ಬೇಕು," ಎಂದ ಅಪ್ಪ.

"ಸುಳ್ಳ," ಎಂದ ರುದ್ರಮಾವ. ಎದ್ದು ಹೋದ.

ಅಪ್ಪ ತಡವರಿಸಿದ್ದು ನನಗೂ ಸುಳ್ಳು ಹುಡುಕುವವನ ಹಾಗೆಯೇ ಕಂಡಿತು. ಮರುದಿನ ಅವನು ಸ್ಟೇಷನ್ನಿಗೆ ಹೋಗಿ, ಒಂದು ಕಾಡತೂಸು ಕಳೆದುಹೋಗಿದೆ ಎಂದು ಬರೆದುಕೊಟ್ಟು, ಬೈಸಿಕೊಂಡು ಬಂದ. ಅದೂ ನಾಟಕ ಅನ್ನಿಸಿತು. ಹಾರಿಸಿದ್ದರೆ ಖಾಲಿ ಚಿಪ್ಪು ಎಲ್ಲಾದರೂ ಇರಲೇಬೇಕೆಂದು ನಾನು ಬದುವಿನುದ್ದಕ್ಕೂ ಹುಡುಕಿದೆ. ಸಿಗದಿದ್ದಾಗ ಹೂತಿಟ್ಟಿದ್ದಾನೆ ಅಂದುಕೊಂಡೆ. ಅವನ ಅಂಗಿಯ ಜೇಬು ತಡಕಿದೆ. ಅವನು ಮಗ್ಗುಲಲ್ಲಿ ಕೂರಿಸಿಕೊಂಡು ಸುಟ್ಟ ಕಾಯಿ ಬಿಡಿಸಿ ಕೊಟ್ಟರೆ, ಆ ಬೆರಳುಗಳನ್ನೇ ನೋಡುತ್ತಿದ್ದೆ. ಪೀಪಿ ಮಾಡಿಕೊಂಡಿದ್ದ ಹಳೇ ಚಿಪ್ಪುಗಳನ್ನು ಬಾವಿಗೆ ಎಸೆದೆ.

ಬೇಸಿಗೆಯಲ್ಲಿ ಪಕ್ಕದ ಊರಲ್ಲಿ ಒಂದು ಎಮ್ಮೆಕರುವಿನ ದವಡೆ ಹಾರಿಹೋಯಿತು. ಹಂದಿ ಹಿಡಿಯುವವರು ಹಿಟ್ಟಿನ ಉಂಡೆಯೊಳಗೆ ಸಿಡಿಮದ್ದು ಇಟ್ಟು ಹೊಲದ ಬದುವಿಗೆ ಹಾಕುತ್ತಿದ್ದರಂತೆ. ಕಚ್ಚಿದರೆ ಸಿಡಿಯುತ್ತದೆ. ಕೆಂಚನೂ ಹಾಗೇ ಸತ್ತಿರಬೇಕು ಎಂದು ಕೆಲವರು ಅಂದರು. ಹಾಗಾದರೆ ಆ ಕಾಡತೂಸು ಎಲ್ಲಿ ಹೋಯಿತು ಎಂದು ಉಳಿದವರು ಕೇಳಿದರು. ನಾನು ಬಾಯಿ ಬಿಟ್ಟು ಹೇಳದಿದ್ದರೂ ಆ ಉಳಿದವರ ಕಡೆಯೇ ಇದ್ದೆ.

ಅಪ್ಪ ಮತ್ತೆ ಆ ಬಂದೂಕು ಹಾರಿಸಲಿಲ್ಲ. ಹಂದಿ ಬಂದರೆ ತಗಡು ಬಡಿದ. ಹಾಗಾದರೆ ಲೈಸೆನ್ಸ್ ವಾಪಸ್ ಕೊಟ್ಟುಬಿಡು ಎಂದು ಅವ್ವ ಎಷ್ಟೋ ಸಲ ಹೇಳಿದಳು. "ಈಗ ಕೊಟ್ರೆ ತಪ್ಪು ಒಪ್ಕಂಡಂಗೆ ಆಗ್ತತೆ," ಎನ್ನುತ್ತಿದ್ದ. ಬಂದೂಕು ಗೋಡೆಯ ಮೇಲೇ ಉಳಿಯಿತು, ಡಬ್ಬಿಯಲ್ಲಿ ಅದೇ ನಾಲ್ಕು. ರುದ್ರಮಾವ ನಮ್ಮ ಕಣ ಬಳಸಿಕೊಂಡು ಬೇರೆ ದಾರಿಯಲ್ಲಿ ಹೋಗುತ್ತಿದ್ದ. ಸಂಜೆ ಹೊತ್ತು ಅಪ್ಪ, ರುದ್ರಮಾವ ಕೂರುತ್ತಿದ್ದ ಜಾಗ ಖಾಲಿ ಬಿಟ್ಟು ಈಚೆಗೆ ಕೂರುತ್ತಿದ್ದ.

ಈ ವರ್ಷ ಅಪ್ಪ ತೀರಿಕೊಂಡ. ಹನ್ನೊಂದನೇ ದಿನದ ಕಾರ್ಯಕ್ಕೆ ರುದ್ರಮಾವ ಕೋಲೂರಿಕೊಂಡು ಬಂದ. ಯಾರೂ ಕರೆದಿರಲಿಲ್ಲ. "ಬರ್ರಿ, ಕುಂತ್ಕಳ್ರಿ," ಎಂದೆ. ಅವನು ಕೂರದೆ ಅಪ್ಪನ ಫೋಟೋದ ಮುಂದೆ ಹೋಗಿ, ವಸ್ತ್ರದ ಗಂಟು ಬಿಚ್ಚಿ ಏನನ್ನೋ ಇಟ್ಟ. ಬುಡದ ಹಿತ್ತಾಳೆ ಹಸಿರುಗಟ್ಟಿದ ಕಾಡತೂಸು.

"ಕೋಟಿನ ಜೇಬಿನಾಗಿತ್ತು ತಾಯಿ. ಮಳೆ ಬಂತಲ್ಲ ಅವತ್ತು, ಟಾರ್ಪಾಲು ಎಳಿಯಾಕೆ ಕೈ ಬೇಕಂತ ಜೇಬಿಗೆ ಹಾಕ್ಕಂಡೆ, ಮರೆತೆ. ಒದ್ದೆ ಕೋಟು ಗೂಟಕ್ಕೆ ಹಾಕಿದ್ಲು ಮನೆಯಾಕಿ. ಚಳಿಗಾಲಕ್ಕೆ ತೆಗೆದಾಗ ಸಿಕ್ತು."

ನಾನು ಅದನ್ನು ಕೈಗೆತ್ತಿಕೊಂಡು ನೋಡಿದೆ. ಆಮೇಲೆ, ಯಾಕೆ ತಂದುಕೊಡಲಿಲ್ಲ ಎಂದು ಕೇಳಿದೆ.

"ಎಲ್ಲಾರ ಮುಂದೆ ಸುಳ್ಳ ಅಂದಿದ್ನಲ್ಲವ್ವ. ಇವತ್ತು ಕೊಡಾಣ, ನಾಳೆ ಕೊಡಾಣ ಅಂತ ಇಷ್ಟು ವರ್ಷ ಆತು." ಫೋಟೋದ ಕಡೆ ತಿರುಗಿದ. "ನಿಮ್ಮಪ್ಪಗೆ ಅವತ್ತು ಕಟ್ಟೆ ಹತ್ರಾನೇ ಗೊತ್ತಾಗೈತೆ. ಹಂಗೆ ನೋಡಿದ ನನ್ನ. ಲೈಸೆನ್ಸ್ ಇಲ್ದೋನ ಹತ್ರ ಐತೆ ಅಂದ್ರೆ ನನ್ನ ಹಿಡ್ಕಂಡು ಹೋಗ್ತಾರಂತ ಸುಮ್ನಾಗಿರ್ಬೇಕು."

ಇದು ನಿಜವೋ, ರುದ್ರಮಾವನ ಊಹೆಯೋ ನನಗೆ ಗೊತ್ತಿಲ್ಲ. ಈಗಲೂ ಬಂದೂಕು ಬೇಡ ಅನ್ನುತ್ತೀರಾ ಎಂದು ಕೇಳಿದೆ.

"ಈಗ್ಲೂ ಬ್ಯಾಡ ಅಂತೀನಿ. ಆದ್ರೆ ಅವನ ಎದ್ರಿಗೆ ಕುಂತ್ಕಂಡು ಅನ್ಬೇಕಿತ್ತು."

ನಾಲ್ಕು ಎಂದು ಹೇಳಿದವಳು ನಾನಲ್ಲವೇ ಎಂದೆ. ನೀನು ಇದ್ದದ್ದನ್ನೇ ಹೇಳಿದೆ ತಾಯಿ, ನಿನ್ನದೇನೂ ತಪ್ಪಿಲ್ಲ ಎಂದ. ಅವ್ವ ಕೊಟ್ಟ ಪ್ರಸಾದ ಕಣ್ಣಿಗೊತ್ತಿಕೊಂಡು, ಊಟ ಮಾಡಿಯೇ ಹೋದ.

ಬಂದೂಕನ್ನು ಕಳೆದ ವಾರ ಸ್ಟೇಷನ್ನಿಗೆ ಒಪ್ಪಿಸಿ ಬಂದೆ, ಕಾಡತೂಸುಗಳ ಸಮೇತ. ಕಳೆದಿದ್ದ ಒಂದು ಕಾಡತೂಸು ನಮ್ಮ ಹೊಲದಲ್ಲೇ ಸಿಕ್ಕಿತು ಎಂದು ಬರೆದುಕೊಟ್ಟೆ. ಅಪ್ಪ ಬರೆದುಕೊಟ್ಟ ಮಾತನ್ನೇ ಮುಗಿಸಿದ ಹಾಗಾಯಿತು. ಹಂದಿಗಳು ಈಗಲೂ ಬರುತ್ತವೆ. ಬಂದೂಕು ಬೇಕು ಅನ್ನುವವರೂ ಬೇಡ ಅನ್ನುವವರೂ ಊರಲ್ಲಿ ಈಗ ಹೆಚ್ಚಾಗಿದ್ದಾರೆ. ಫೋನಿನ ಗುಂಪಿನಲ್ಲಿ ಒಬ್ಬರನ್ನೊಬ್ಬರು ಬಾಯಿಗೆ ಬಂದಂತೆ ಬೈಯುತ್ತಾರೆ, ದಾರಿಯಲ್ಲಿ ಸಿಕ್ಕರೆ ಮುಖ ತಿರುಗಿಸುತ್ತಾರೆ. ಎದುರಿನವನ ಕೈಗೆ ಕಾಡತೂಸು ಕೊಟ್ಟು, ಈಗ ಹೇಳು ಎಂದು ಕೂರುವವರನ್ನು ನಾನು ಮತ್ತೆ ನೋಡಿಲ್ಲ.

ಗೋಡೆಯಲ್ಲಿ ಎರಡು ಮೊಳೆಗಳಿವೆ. ಐದೂ ಕಾಡತೂಸುಗಳು ಸಿಕ್ಕಿವೆ. ರುದ್ರಮಾವ ಕೇಳಿದ, ಊರಿನ ಹಿರಿಯರು ಕೇಳಿದರು, ಪೊಲೀಸರೂ ಕೇಳಿದರು. ನಾನು ಮಾತ್ರ ಇಷ್ಟು ವರ್ಷದಲ್ಲಿ ಒಂದು ಸಲವೂ, "ಅಪ್ಪಾ, ನೀನು ಹಾರಿಸಿದೆಯಾ?" ಎಂದು ಕೇಳಲಿಲ್ಲ. ಕೇಳಿದ್ದರೆ ಅವನು ನನಗೆ ಹೇಳುತ್ತಿದ್ದ ಉತ್ತರ ನನ್ನ ಹತ್ತಿರ ಇಲ್ಲ.